ರಕ್ತ ಕರೆಯುವ ಔಷಧ

ಮಾನ್ವಿಯ ನಮ್ಮ ಮನೆಯೊಳಗೆ ಕೋಳಿಮೊಟ್ಟೆ ಎಂದೂ ಬಂದದ್ದಿಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ಯಾರೂ ಚಹಾದ ಕಪ್ಪನ್ನು ಸಹ ಮುಟ್ಟುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದಾಗ ಪ್ರಯೋಗಾಲಯದಲ್ಲಿ ಮೂರು ದಿನ ಕಾವು ಕೊಟ್ಟ ಮೊಟ್ಟೆಯೊಂದನ್ನು ಒಡೆದು ತೋರಿಸಿದರು. ಹಳದಿಯ ಮೇಲೆ ಸಾಸಿವೆ ಕಾಳಿನಷ್ಟು ಹೃದಯ ಮಿಡಿಯುತ್ತಿತ್ತು. ಅದರ ಸುತ್ತ ಕೆಂಪು ಎಳೆಗಳು ಹಬ್ಬಿದ್ದವು. ಊರಿಗೆ ಬಂದಾಗ ಅದನ್ನು ಅವ್ವನಿಗೆ ಖುಷಿಯಿಂದ ಹೇಳಲು ಹೋದೆ. ಆಕೆ ಒಲೆಯ ಮುಂದಿನಿಂದ ಏಳದೆಯೇ, “ಮೊದಲ ಜಳಕಾ ಮಾಡಿ ಬಾ, ಆಮ್ಯಾಲ ಹೇಳುವಂತಿ” ಎಂದಳು.

ಆ ಕೆಂಪು ಎಳೆಗಳು ಎಲ್ಲಿಂದ ಬರುತ್ತವೆ, ಯಾರು ಕರೆದರೆ ಬರುತ್ತವೆ ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಮುಂದೆ ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ ರಜೆಗೆ ಅಧ್ಯಾಪಕರ ತರಬೇತಿಗೆಂದು ನನ್ನನ್ನು ದೊಡ್ಡ ಊರಿಗೆ ಕಳಿಸಿದರು. ಅಲ್ಲಿ ಪಾಠ ಹೇಳಿದ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದರು.

ಅವರು ಹೇಳಿದ್ದು ಇಷ್ಟು. ದೇಹದ ಯಾವ ಜೀವಕೋಶವೂ ರಕ್ತದಿಂದ ಬಹಳ ದೂರ ಬದುಕಲಾರದು. ಗಾಯವಾದ ಕಡೆ, ಬೆಳೆಯುತ್ತಿರುವ ಕಡೆ, ಉಸಿರು ಸಾಲದ ಜೀವಕೋಶಗಳು ಒಂದು ವಸ್ತುವನ್ನು ಹೊರಗೆ ಬಿಡುತ್ತವೆ. ಅದು ಹತ್ತಿರದ ರಕ್ತನಾಳವನ್ನು ತಲುಪುತ್ತದೆ. ನಾಳದ ಗೋಡೆಯ ಜೀವಕೋಶಗಳ ಮೈಮೇಲೆ ಆ ವಸ್ತುವನ್ನು ಹಿಡಿದುಕೊಳ್ಳುವ ಜಾಗಗಳಿವೆ. ಅಲ್ಲಿ ಅದು ಕೂತದ್ದೇ ತಡ, ಜೀವಕೋಶದೊಳಗೆ ಸುದ್ದಿ ಹರಡುತ್ತದೆ. ಬಿಗಿಯಾಗಿದ್ದ ಗೋಡೆ ಸಡಿಲಾಗುತ್ತದೆ, ಜೀವಕೋಶಗಳು ಒಡೆದು ಎರಡಾಗುತ್ತವೆ, ಸುದ್ದಿ ಬಂದ ದಿಕ್ಕಿಗೆ ಸರಿಯುತ್ತವೆ, ಸಾಲಾಗಿ ನಿಂತು ಕೊಳವೆಯಾಗುತ್ತವೆ. ಕೊಳವೆಯಲ್ಲಿ ರಕ್ತ ಬಂದ ಮೇಲೆ ಕರೆ ನಿಲ್ಲುತ್ತದೆ. ಕ್ಯಾನ್ಸರ್ ಗಂಟು ಮಾತ್ರ ಕರೆಯುವುದನ್ನು ನಿಲ್ಲಿಸುವುದೇ ಇಲ್ಲ.

“ಆ ವಸ್ತುವನ್ನು ಶುದ್ಧವಾಗಿ ಹಿಡಿಯಲು ಈಗ ಎಲ್ಲೆಡೆ ಹುಡುಕಾಟ ನಡೆದಿದೆ. ಮೆದುಳಿನಲ್ಲಿ ಅಂಥದ್ದು ಇದೆ ಅನ್ನುತ್ತಾರೆ. ನೀವೂ ನೋಡಬಹುದು. ಬೇಕಾದದ್ದು ಕೋಳಿಮೊಟ್ಟೆ, ಅಷ್ಟೆ” ಎಂದು ಅವರು ವಿಧಾನ ಹೇಳಿಕೊಟ್ಟರು. ಕಾವಿಗಿಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆಯಬೇಕು. ಎಂಟನೆಯ ದಿನದ ಹೊತ್ತಿಗೆ ಒಳಗಿನ ಪೊರೆಯ ಮೇಲೆ ರಸದಲ್ಲಿ ಅದ್ದಿದ ಕಾಗದದ ಚೂರು ಇಡಬೇಕು. ಮೂರು ದಿನ ಬಿಟ್ಟು ನೋಡಿದರೆ ರಕ್ತನಾಳಗಳು ಗಾಡಿ ಚಕ್ರದ ಕಡ್ಡಿಗಳ ಹಾಗೆ ಆ ಚೂರಿನ ಕಡೆಗೆ ಬಂದಿರುತ್ತವೆ. “ಆದರೆ ಬರೀ ಉಪ್ಪುನೀರು ಹಾಕಿದ ಮೊಟ್ಟೆಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಇಡಿ. ಅವುಗಳಲ್ಲೂ ಚಕ್ರ ಮೂಡಿದರೆ ನೀವು ಏನನ್ನೂ ಕಂಡಿಲ್ಲ ಎಂದು ತಿಳಿಯಿರಿ” ಎಂದು ಎರಡು ಸಲ ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದೆ.

ನಮ್ಮ ಪ್ರಯೋಗಾಲಯದಲ್ಲಿ ಒಬ್ಬ ಅಟೆಂಡರ್ ಇದ್ದರು. ನಲವತ್ತು ದಾಟಿದ, ಕುರಿ ಸಾಕುವ ಮನೆತನದ ಮನುಷ್ಯ. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನಾನು ಕೋಣೆಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ಪೇಟೆಯ ಮೊಟ್ಟೆಗಳಲ್ಲಿ ಮರಿ ಬೆಳೆಯುವುದಿಲ್ಲ, ಹುಂಜ ಇರುವ ಮನೆಯ ಮೊಟ್ಟೆಗಳೇ ಬೇಕು ಎಂದಾಗ ಅವರು, “ಅದಕ್ಯಾಕ ಚಿಂತಿರಿ ಮೇಡಮ್ಮಾರ, ನಮ್ಮಕ್ಕ ಅದಾಳಲ್ಲ” ಎಂದರು.

ಅಕ್ಕ ದೇವದುರ್ಗದ ಮಗ್ಗುಲಿನ ಹಳ್ಳಿಯವಳು. ಎರಡು ದಿನ ಬಿಟ್ಟು ತಾನೇ ಬಸ್ಸು ಹತ್ತಿ ಬಂದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಭತ್ತದ ಹೊಟ್ಟು, ಹೊಟ್ಟಿನಲ್ಲಿ ಮೂವತ್ತು ಮೊಟ್ಟೆ. ಒಂದೂ ಒಡೆದಿರಲಿಲ್ಲ. ಎತ್ತರದ ಗಟ್ಟಿ ಹೆಂಗಸು, ದೊಡ್ಡ ದನಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀ ಇಷ್ಟು ಸಣ್ಣಾಕಿ ಅದೀ, ಮೇಡಮ್ ಅಂದ್ರ ನಾ ದೊಡ್ಡಾಕಿ ಅಂತ ತಿಳಿದಿದ್ದೆ” ಎಂದು ನಕ್ಕಳು. ಮುಂದೆ ಪ್ರತಿ ಸಲ ಬಂದಾಗಲೂ ನನ್ನನ್ನು ತಂಗಿ ಎಂದೇ ಕರೆದಳು. ಕಾವಿಗಿಟ್ಟ ಮೊಟ್ಟೆಗಳಲ್ಲಿ ಜೀವ ಕಟ್ಟಿದ್ದು ಯಾವುದು, ಬರಡು ಯಾವುದು ಎಂದು ಕಿಟಕಿಯ ಬೆಳಕಿಗೆ ಹಿಡಿದು, ಅಂಗೈ ಮರೆ ಮಾಡಿ ತೋರಿಸಿಕೊಟ್ಟದ್ದು ಆಕೆಯೇ. ನನ್ನ ಪುಸ್ತಕದಲ್ಲಿ ಆ ಕೆಲಸಕ್ಕೆ ದೀಪದ ಪೆಟ್ಟಿಗೆಯ ಚಿತ್ರವಿತ್ತು. ಆಕೆಗೆ ಕೈಯೇ ಸಾಕಾಗಿತ್ತು.

ಆಕೆ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಕೇಳಿದರೆ, “ಸಕ್ಕರಿ ಬ್ಯಾನಿ ತಂಗಿ. ಮುಳ್ಳು ಚುಚ್ಚಿದ್ದು ಗೊತ್ತ ಆಗಲಿಲ್ಲ, ಹುಣ್ಣಾಗಿ ಕುಂತದ. ದೇವದುರ್ಗದಾಗ ಡಾಕ್ಟರ ಕಡೆ ದಿನಾ ಬಿಟ್ಟು ದಿನಾ ಪಟ್ಟಿ ಕಟ್ಟಿಸಾಕತ್ತೀನಿ” ಎಂದಳು.

ನಾನು ಪ್ರಯೋಗ ಶುರು ಮಾಡಿದೆ. ಹಳೆಯ ಮರದ ಪೆಟ್ಟಿಗೆಗೆ ಬಲ್ಬು ಕಟ್ಟಿ, ಬಟ್ಟಲಲ್ಲಿ ನೀರಿಟ್ಟು ಕಾವಿನ ಗೂಡು ಮಾಡಿದೆವು. ಕರೆಂಟು ಹೋದಾಗೆಲ್ಲ ಅಟೆಂಡರ್ ಬಿಸಿನೀರಿನ ಬಾಟಲಿಗಳನ್ನು ಒಳಗಿಡುತ್ತಿದ್ದರು. ಭಾನುವಾರವೂ ಬಂದು ಮೊಟ್ಟೆಗಳನ್ನು ಹೊರಳಿಸಿ ಹೋಗುತ್ತಿದ್ದರು. ಮಾಂಸದ ಮಾರ್ಕೆಟ್ಟಿನಿಂದ ಕುರಿಯ ಮೆದುಳು, ಅವರ ಮಾತಿನ ಭೇಜಾ, ತಂದುಕೊಟ್ಟದ್ದೂ ಅವರೇ. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಅದನ್ನು ಉಪ್ಪುನೀರಿನಲ್ಲಿ ಅರೆದು, ಸೋಸಿ, ರಸ ತೆಗೆದೆ. ಹನ್ನೆರಡು ಮೊಟ್ಟೆಗೆ ರಸ, ಹನ್ನೆರಡಕ್ಕೆ ಬರೀ ಉಪ್ಪುನೀರು.

ಮೂರು ದಿನದ ನಂತರ ಭೂತಗನ್ನಡಿ ಹಿಡಿದು ನೋಡಿದೆ. ರಸ ಹಾಕಿದ ಮೊದಲ ಮೊಟ್ಟೆಯಲ್ಲಿ ಕಾಗದದ ಚೂರಿನ ಸುತ್ತ ಕೆಂಪು ಎಳೆಗಳು ಚಕ್ರ ಕಟ್ಟಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಎರಡನೆಯದರಲ್ಲೂ ಹಾಗೆಯೇ. ಆಮೇಲೆ ಉಪ್ಪುನೀರಿನವನ್ನು ತೆರೆದೆ. ಅವುಗಳಲ್ಲೂ ಚಕ್ರ ಇತ್ತು. ಒಂದೆರಡರಲ್ಲಲ್ಲ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ.

ಕಾರಣ ನನಗೆ ಕೂಡಲೇ ಹೊಳೆಯಿತು. ಕಿಟಕಿ ಕೊರೆಯುವಾಗ ನಾನು ಮುರಿದ ಬ್ಲೇಡು ಬಳಸಿದ್ದೆ. ಚಿಪ್ಪಿನ ಹುಡಿ ಪೊರೆಯ ಮೇಲೆ ಉದುರಿತ್ತು. ಹುಡಿ ಚುಚ್ಚಿ ಪೊರೆಗೆ ಉರಿಯೂತ ಬಂದರೂ ರಕ್ತನಾಳ ಬರುತ್ತದೆ. ಅಂದರೆ ನನ್ನ ರಸ ಏನು ಮಾಡಿತು, ಹುಡಿ ಏನು ಮಾಡಿತು ಎಂದು ಹೇಳುವ ಹಾಗೇ ಇರಲಿಲ್ಲ. ಎಲ್ಲವನ್ನೂ ಎಸೆದು, ಹೊಸ ಮೊಟ್ಟೆ ತಂದು, ಹೊಸದಾಗಿ ಮಾಡಬೇಕಿತ್ತು. ಮೂರು ವಾರದ ಕೆಲಸ.

ಆದರೆ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಎರಡೇ ದಿನ ಉಳಿದಿದ್ದವು. ಪ್ರಾಂಶುಪಾಲರು ಆಗಲೇ ಊರ ಗಣ್ಯರಿಗೆಲ್ಲ, “ನಮ್ಮ ಮೇಡಮ್ ಮೊಟ್ಟೆಯೊಳಗೆ ರಕ್ತನಾಳ ಬೆಳೆಸಿ ತೋರಿಸುತ್ತಾರೆ” ಎಂದು ಹೇಳಿಯಾಗಿತ್ತು. ನಾನು ರಸದ ಮೊಟ್ಟೆಗಳಲ್ಲಿ ಚೆಂದದ ಮೂರನ್ನು ಆರಿಸಿದೆ. ಉಪ್ಪುನೀರಿನವುಗಳಲ್ಲಿ ಚಕ್ರವಿಲ್ಲದ ಒಂದನ್ನು ಆರಿಸಿದೆ. ಉಳಿದವನ್ನು ತಟ್ಟೆಗೆ ಹಾಕಿ ಅಟೆಂಡರಿಗೆ ಕೊಟ್ಟು ಹಿತ್ತಿಲಲ್ಲಿ ಹೂಳಲು ಹೇಳಿದೆ.

ಅವರು ತಟ್ಟೆ ನೋಡಿದರು. ನನ್ನನ್ನು ನೋಡಿದರು. “ಮೇಡಮ್ಮಾರ, ಉಪ್ಪುನೀರಿನ್ವೂ ಹಂಗ ಆಗ್ಯಾವಲ್ರಿ?”

“ಅವು ಕೆಟ್ಟಾವ್ರಿ. ಹೂಳಿ ಬಿಡ್ರಿ.”

“ಹೌದೇನ್ರಿ” ಎಂದು ತಟ್ಟೆ ಎತ್ತಿಕೊಂಡು ಹೋದರು. ತಮ್ಮ ಕಣ್ಣಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದರು. ಆ ನಂಬಿಕೆ ಆಗ ನನಗೆ ಅನುಕೂಲವಾಗಿ ಕಂಡಿತು.

ಪ್ರದರ್ಶನದ ದಿನ ನನ್ನ ಮೇಜಿನ ಮುಂದೆ ಸಾಲು ನಿಂತಿತ್ತು. ಭತ್ತದ ಗಿರಣಿಯ ಯಜಮಾನರು, ಶಾಲೆಯ ಮಕ್ಕಳು, ಬೇರೆ ಕಾಲೇಜಿನವರು. ಒಬ್ಬೊಬ್ಬರೂ ಕನ್ನಡಿಯಲ್ಲಿ ಕಣ್ಣಿಟ್ಟು “ಅಬಬಾ” ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ನನ್ನ ಮಾತು ಉದ್ದವಾಯಿತು. “ಈ ರಸದಲ್ಲಿ ರಕ್ತನಾಳವನ್ನು ಕರೆಯುವ ವಸ್ತುವಿದೆ. ಮಾಯದ ಗಾಯಕ್ಕೆ ಇದನ್ನು ಹಚ್ಚಿದರೆ ಹೊಸ ರಕ್ತನಾಳ ಬೆಳೆದು ಗಾಯ ತುಂಬುವ ದಿನ ದೂರವಿಲ್ಲ” ಎಂದೆ. ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವ ಮೊದಲೇ ಸಾಲಿನಲ್ಲಿ ಅಕ್ಕ ನಿಂತಿರುವುದು ಕಾಣಿಸಿತು. ತನ್ನ ಮೊಟ್ಟೆಗಳನ್ನು ನೋಡಲೆಂದು ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕಾಲಿಗೆ ಬಿಳಿ ಪಟ್ಟಿ ಇತ್ತು. ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. “ನಮ್ಮ ಕರೀ ಕೋಳಿ ತತ್ತಿ ಇದು, ಬಣ್ಣದ ಮ್ಯಾಲ ಗೊತ್ತಾಗ್ತದ” ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದಳು. ನನ್ನನ್ನು ಏನೂ ಕೇಳಲಿಲ್ಲ.

ಕೇಳಿದ್ದು ತಮ್ಮ. ನಾಲ್ಕು ದಿನದ ಮೇಲೆ ಅವರು ಕೋಣೆಯ ಬಾಗಿಲಲ್ಲಿ ಕೈ ಹಿಸುಕುತ್ತ ನಿಂತರು. “ಆ ರಸ ಅಕ್ಕಗ ಒಂಚೂರು ಸಿಗಬಹುದೇನ್ರಿ ಮೇಡಮ್ಮಾರ? ಆಕಿ ಕಾಲು ಮಾಯವಲ್ದು.”

ಆಗ ನಿಜ ಹೇಳಲು ಒಂದು ಮಾತು ಸಾಕಿತ್ತು. ಅದು ಔಷಧವಲ್ಲ, ನಾನು ತೋರಿಸಿದ್ದು ಪೂರ್ತಿ ನಿಜವಲ್ಲ, ಡಾಕ್ಟರ ಹತ್ತಿರವೇ ಹೋಗಲಿ. ಆದರೆ ಅವರು ಹೂಳಿದ ಮೊಟ್ಟೆಗಳನ್ನು ನೋಡಿದ್ದರು. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಸತ್ತ ಕುರಿಯ ಭೇಜಾದ ರಸವನ್ನು ತೆರೆದ ಹುಣ್ಣಿಗೆ ಕೊಡುವಷ್ಟು ಮೂರ್ಖಳು ನಾನಾಗಿರಲಿಲ್ಲ. ಹಾಗಾಗಿ ಉಪ್ಪುನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಕಂದು ಬಣ್ಣದ ಸಣ್ಣ ಶೀಶೆಗೆ ತುಂಬಿ ಕೊಟ್ಟೆ. ಶುದ್ಧ ನೀರು, ಇದರಿಂದ ಯಾರಿಗೂ ಕೇಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ಜಾಣತನದ ಕೆಲಸ ಮಾಡಿದೆ ಎಂದೂ ಅನಿಸಿತು.

“ದಿನಾ ಎರಡು ಸಲ ಹನಿ ಬಿಡಲಿ” ಎಂದೆ. ಪಟ್ಟಿ ಕಟ್ಟಿಸುವುದನ್ನು ನಿಲ್ಲಿಸಬಾರದು ಎಂದು ಹೇಳಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನನ್ನ ಔಷಧದ ಮೇಲೆ ನನಗೇ ನಂಬಿಕೆಯಿಲ್ಲ ಎಂದಾಗುತ್ತದಲ್ಲ ಎಂದು ನುಂಗಿಕೊಂಡೆ.

ಹತ್ತು ದಿನಕ್ಕೆ ಎರಡನೆಯ ಶೀಶೆ ಬೇಕಾಯಿತು. “ಹೆಂಗದ ಕಾಲು?” ಎಂದು ಕೇಳಿದೆ.

“ಸುತ್ತ ಕೆಂಪಗ ಆಗ್ಯಾದಂತ್ರಿ. ನೀವು ಹೇಳಿದಂಗ ರಕ್ತ ಬರಾಕತ್ತದ ಅಂತ ಅಕ್ಕ ಖುಷಿ ಆಗ್ಯಾಳ.”

ಕೆಂಪು ಎಂದರೆ ಏನೆಂದು ನನಗೆ ಗೊತ್ತಿತ್ತು. ಕೀವು ಒಳಗೆ ಹರಡುವಾಗಲೂ ಚರ್ಮ ಕೆಂಪಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರಗಳು ಮಂಕಾಗಿ ನೋವೇ ತಿಳಿಯುವುದಿಲ್ಲ. “ಒಮ್ಮೆ ಡಾಕ್ಟರಿಗೆ ತೋರಿಸಲಿ” ಎನ್ನುವ ಬದಲು ನಾನು ಸುಮ್ಮನೆ ಶೀಶೆ ತುಂಬಿದೆ.

ಮತ್ತೆರಡು ವಾರಕ್ಕೆ ಅಟೆಂಡರ್ ಕೆಲಸಕ್ಕೆ ಬರಲಿಲ್ಲ. ಅಕ್ಕನಿಗೆ ಚಳಿಜ್ವರ ಬಂದು ರಾಯಚೂರಿಗೆ ಕರೆತಂದಿದ್ದಾರೆ ಎಂದು ಗೊತ್ತಾಯಿತು. ನಾನು ಮೋಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಲಿನ ಎರಡು ಬೆರಳನ್ನೂ ಅವುಗಳ ಹಿಂದಿನ ಸ್ವಲ್ಪ ಪಾದವನ್ನೂ ತೆಗೆದಾಗಿತ್ತು. ಹೊರಗೆ ಡಾಕ್ಟರು ಅಟೆಂಡರಿಗೆ ಹೇಳುತ್ತಿದ್ದರು, “ಮೂರು ವಾರ ಮೊದಲ ಕರಕೊಂಡು ಬಂದಿದ್ರ ಇಷ್ಟು ತೆಗಿಯೋ ಪ್ರಸಂಗ ಬರ್ತಿರಲಿಲ್ಲ. ಪಟ್ಟಿ ಕಟ್ಟಿಸೋದು ಯಾಕ ಬಿಟ್ರಿ?” ಅಟೆಂಡರ್ ನನ್ನನ್ನು ಕಂಡರು. ತಲೆ ತಗ್ಗಿಸಿದರು. ನನ್ನ ಹೆಸರು ಹೇಳಲಿಲ್ಲ.

ಒಳಗೆ ಅಕ್ಕ ಸಣ್ಣಗಾಗಿದ್ದಳು. ಆ ದೊಡ್ಡ ದನಿ ಇರಲಿಲ್ಲ. ಪಕ್ಕದ ಮಂಚದ ಹೆಂಗಸಿಗೆ, “ನಾ ಹೇಳ್ತಿದ್ನಲ್ಲ, ಆ ಔಷಧ ಮಾಡಿದಾಕಿ ಈಕೀನ. ಭಾಳ ಶಾಣ್ಯಾಕಿ” ಎಂದಳು. ನನ್ನ ಕೈ ಹಿಡಿದು, “ನಾನ ತಡಾ ಮಾಡಿ ಹಾಕಿದ್ನೇನೋ ತಂಗಿ. ಮೊದಲ ಹಾಕಿದ್ರ ಉಳೀತಿತ್ತು” ಎಂದಳು. ನಾನು ಮೋಸಂಬಿ ಸುಲಿಯುತ್ತ ಕೂತೆ. ಸುಲಿದದ್ದನ್ನು ಆಕೆಗೆ ಕೊಡುವುದೂ ಮರೆತು ಇನ್ನೊಂದು ಸುಲಿದೆ. ನಿಜ ಹೇಳದೆಯೇ ಎದ್ದು ಬಂದೆ.

ಆ ಶನಿವಾರ ಮಾನ್ವಿಗೆ ಹೋದೆ. ಊಟ ಸೇರಲಿಲ್ಲ. ಅವ್ವ ಎರಡು ಸಲ ಕೇಳಿದ ಮೇಲೆ ಎಲ್ಲವನ್ನೂ ಹೇಳಿದೆ. ಮೊಟ್ಟೆ, ಭೇಜಾ ಎಂದಾಗ ಆಕೆಯ ಮುಖ ಮುದುಡಿತು. ಆದರೆ ಆಕೆ ಸಿಟ್ಟಾದದ್ದು ಅದಕ್ಕಲ್ಲ.

“ತತ್ತಿ ಮುಟ್ಟಿದ್ದಕ್ಕ ಜಳಕಾ ಮಾಡಿದ್ರ ಮುಗೀತು. ಇದು ಜಳಕಕ್ಕ ಹೋಗಂಗಿಲ್ಲ. ಆಕಿ ಮನೀಗೆ ಹೋಗಿ ಹೇಳಿ ಬಾ. ಅಲ್ಲೀತನಕ ನನ್ನ ಮುಂದ ಅಳಬ್ಯಾಡ.”

ನಾನು ಕೂಡಲೇ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ತಿಂಗಳು ಬೇಕಾಯಿತು. ಪರೀಕ್ಷೆ ಇದೆ, ಬಿಸಿಲು ಇದೆ, ಆಕೆ ಇನ್ನೂ ಚೇತರಿಸಿಕೊಳ್ಳಲಿ ಎಂದು ನೆಪಗಳನ್ನು ಹುಡುಕಿದೆ. ಕೊನೆಗೆ ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರು ದಾಟುವಾಗ ಇಳಿದು ವಾಪಸ್ಸು ಹೋಗಿಬಿಡಲೇ ಅನಿಸಿತು.

ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. “ಬಾ ತಂಗಿ, ಬಾ, ಕುಂದ್ರು” ಎಂದು ಸೊಸೆಗೆ ಚಹಾ ಮಾಡಲು ಕೂಗಿದಳು.

ಚಹಾ ಬರುವ ಮೊದಲೇ ಹೇಳಬೇಕೆಂದು ನಾನು ನಿರ್ಧರಿಸಿದ್ದೆ. “ಅಕ್ಕಾ, ನಾ ಕೊಟ್ಟಿದ್ದು ಔಷಧ ಅಲ್ಲ.”

“ಮತ್ತೇನದು?”

“ಕುದಿಸಿದ ಉಪ್ಪುನೀರು.”

ಆಕೆಯ ಕೈ ಬೇಳೆಯ ಮೇಲೆ ನಿಂತಿತು. “ಬರೇ ಉಪ್ಪುನೀರಾ?”

“ಹೂಂ.”

ಬೇಳೆಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ಉಪ್ಪು ನಮ್ಮ ಮನ್ಯಾಗೂ ಇತ್ತಲ್ಲ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಹತ್ತದವರ ಗೊಂದಲವಿತ್ತು. “ಯಾಕ ಕೊಟ್ಟಿ?”

“ಔಷಧ ಇಲ್ಲ ಅಂತ ಹೇಳಾಕ ನಾಚಿಕಿ ಆತು. ಅಷ್ಟು ಮಂದಿ ಮುಂದ ದೊಡ್ಡದಾಗಿ ಹೇಳಿದ್ದೆ.”

“ಡಾಕ್ಟರ ಕಡೆ ಹೋಗಬ್ಯಾಡ ಅಂತ ನೀ ಹೇಳಿರಲಿಲ್ಲ. ನಾನ ಬಿಟ್ಟೆ” ಎಂದಳು. ನನಗೆ ಒಂದು ಕ್ಷಣ ಹಗುರಾಯಿತು. ಆಕೆ ಮುಂದುವರಿಸಿದಳು. “ಹೋಗು ಅಂತನೂ ಹೇಳಲಿಲ್ಲ ನೀನು. ಅದೊಂದು ಮಾತು ಹೇಳಿದ್ರ ನಾ ಹೋಗ್ತಿದ್ದೆ. ನಿನ್ನ ಮಾತು ಕೇಳಿ ಹೋಗ್ತಿದ್ದೆ.”

ಚಹಾ ಬಂತು. ಆಕೆ ಕುಡಿಯಲಿಲ್ಲ. ನಾನೂ ಕುಡಿಯಲಿಲ್ಲ. ಏಳುವಾಗ, “ನಿಮ್ಮ ತಮ್ಮಗ…” ಎಂದು ಶುರು ಮಾಡಿದೆ. ಆಕೆ ಮಾತು ತಡೆದಳು. “ನೀನ ಹೇಳಬೇಕು. ನಾ ಹೇಳಂಗಿಲ್ಲ.”

ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಹೇಳಿದೆ. ಅಟೆಂಡರ್ ಗಾಜಿನ ತಟ್ಟೆಗಳನ್ನು ತೊಳೆಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು, “ಆ ತತ್ತಿ ಹೂಳಿದ್ದು ನಾನ ಅಲ್ಲೇನ್ರಿ? ನಾ ನೋಡಿದ್ದೆ. ನೋಡಿನೂ ಅಕ್ಕಗ ಶೀಶೆ ಒಯ್ದು ಕೊಟ್ಟೆ” ಎಂದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪಿನಲ್ಲಿ ಅವರು ತಮಗೂ ಪಾಲು ತೆಗೆದುಕೊಂಡದ್ದನ್ನು ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ. ಆ ತಿಂಗಳ ಕೊನೆಗೆ ಅವರು ಕೇಳಿಕೊಂಡು ಗ್ರಂಥಾಲಯಕ್ಕೆ ವರ್ಗವಾದರು.

ಪ್ರಾಂಶುಪಾಲರ ಬಳಿಯೂ ಹೋಗಿ ಪ್ರದರ್ಶನದಲ್ಲಿ ಮೊಟ್ಟೆಗಳನ್ನು ಬಚ್ಚಿಟ್ಟದ್ದನ್ನು ಹೇಳಿದೆ. “ಬಿಡ್ರಿ ಮೇಡಮ್, ಯಾರು ನೆನಪಿಟ್ಟಾರ?” ಎಂದು ಅವರು ನಕ್ಕು ಬೇರೆ ಮಾತು ತೆಗೆದರು.

ಚಳಿಗಾಲದಲ್ಲಿ ಪ್ರಯೋಗವನ್ನು ಮತ್ತೆ ಮಾಡಿದೆ. ಈ ಸಲ ಮೊಟ್ಟೆಗಳನ್ನು ಗಿಲ್ಲೆಸುಗೂರಿನ ಕಡೆಯಿಂದ ನಾನೇ ಹೋಗಿ ತಂದೆ. ಚಿಪ್ಪಿನ ಮೇಲೆ ಒದ್ದೆ ಹತ್ತಿ ಇಟ್ಟು, ಸಣ್ಣ ಅರದಿಂದ ನಿಧಾನವಾಗಿ ಉಜ್ಜಿ ಕಿಟಕಿ ತೆರೆದೆ. ರಸ ಹಾಕಿದ ಹಲವು ಮೊಟ್ಟೆಗಳಲ್ಲಿ ಚಕ್ರ ಮೂಡಿತು, ಉಪ್ಪುನೀರಿನವುಗಳಲ್ಲಿ ಕೆಲವೇ. ಅಂದರೆ ರಸದಲ್ಲಿ ಏನೋ ಇತ್ತು. ಹಿಂದಿನ ಸಲ ನಾನು ಹೇಳಿದ್ದು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ತಾಳ್ಮೆಯ ಮೂರು ವಾರ ಸಾಕಿತ್ತು ಎಂದು ತಿಳಿದಾಗ ಖುಷಿಯಾಗಲಿಲ್ಲ. ಇದ್ದ ನಾಚಿಕೆ ಇನ್ನಷ್ಟು ಹೆಚ್ಚಾಯಿತು.

ಆ ದಶಕ ಮುಗಿಯುವುದರೊಳಗೆ ರಕ್ತನಾಳವನ್ನು ಬೆಳೆಸುವ ವಸ್ತುಗಳನ್ನು ವಿಜ್ಞಾನಿಗಳು ಒಂದೊಂದಾಗಿ ಶುದ್ಧವಾಗಿ ಹಿಡಿದರು. ಅವಕ್ಕೆ ಹೆಸರುಗಳು ಬಂದವು. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಆ ಕರೆ ಕ್ಷೀಣವಾಗಿರುತ್ತದೆ, ಕೇಳಿಸಿಕೊಳ್ಳುವ ರಕ್ತನಾಳವೂ ಮಂದವಾಗಿರುತ್ತದೆ ಎಂದು ಮುಂದೆ ಓದಿದೆ. ಅಂಥ ಲೇಖನವಿದ್ದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೇಳಿದರೆ ನಮ್ಮ ಹಳೆಯ ಅಟೆಂಡರೇ ಹುಡುಕಿ, ಧೂಳು ಒರೆಸಿ ಮೇಜಿನ ಮೇಲಿಡುತ್ತಿದ್ದರು. ನಾನು ಏನು ಓದುತ್ತಿದ್ದೇನೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕನನ್ನು ಕೊನೆಯ ಸಲ ಕಂಡದ್ದು ಮಾನ್ವಿಯ ಬಸ್ ನಿಲ್ದಾಣದಲ್ಲಿ. ಮಗಳ ಮನೆಗೆ ಬಂದಿದ್ದಳಂತೆ. ಎಡಗಾಲಿಗೆ ಮೋಚಿಯಿಂದ ಹೊಲಿಸಿದ, ಒಳಗೆ ಹತ್ತಿ ತುಂಬಿದ ಚಪ್ಪಲಿ ಇತ್ತು. ನನ್ನನ್ನು ನೋಡಿ ಕಲ್ಲುಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಇಬ್ಬರೂ ಕೂತೆವು. ಮಳೆಯ ಬಗ್ಗೆ, ಆಕೆಯ ಮೊಮ್ಮಗಳ ಬಗ್ಗೆ ಎರಡು ಮಾತಾಡಿದೆವು. ಸಿರವಾರದ ಬಸ್ಸು ಬಂತು. ಆಕೆಯ ಚೀಲ ಎತ್ತಿಕೊಡಲು ನಾನು ಕೈ ಚಾಚಿದೆ.

“ಇರಲಿ, ನಾ ಒಯ್ತೀನಿ” ಎಂದು ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು, ಬಸ್ಸಿನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು.